ತಾಳಮದ್ದಳೆ ಕ್ಯಾಸೆಟ್‌ನಿಂದ ಪೆನ್‌ಡ್ರೈವ್‌ವರೆಗೆ: ಯಾರಿಗೆ ಯಾವ ಫೈಲು?

ಪುತ್ತೂರು ಕಡೆಯ ನನ್ನ ಸೋದರಮಾವ 1980ರ ದಶಕದಲ್ಲಿ ತಾಳಮದ್ದಳೆ (ವೇಷ, ಕುಣಿತ ಇಲ್ಲದ ಯಕ್ಷಗಾನ; ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಮಾತಿನಲ್ಲಿ ಅರ್ಥ ಹೇಳುತ್ತಾರೆ) ಎಲ್ಲಿದ್ದರೂ ರೇಡಿಯೋ-ಟೇಪ್ ರೆಕಾರ್ಡರ್ ಸೇರಿದ ಟೂ-ಇನ್-ಒನ್ ಹೊತ್ತುಕೊಂಡು ಹೋಗುತ್ತಿದ್ದರು. ಹಾಗೆ ಸೇರಿದ್ದು ಎರಡು ಟ್ರಂಕ್ ತುಂಬಾ ಸಿ-90, ಅಂದರೆ ಒಂದೂವರೆ ಗಂಟೆಯ ಕ್ಯಾಸೆಟ್. ಅವನ್ನು ಕಂಪ್ಯೂಟರಿಗೆ ಇಳಿಸಬೇಕು, ಆಮೇಲೆ ಅತ್ತೆಯ ಸ್ಪೀಕರ್ ಡಬ್ಬಿಗೆ, ತಮ್ಮನ ಕಾರಿಗೆ, ಹೊರದೇಶದಲ್ಲಿರುವ ಮಕ್ಕಳ ಫೋನಿಗೆ ಕೊಡಬೇಕು. ನಾನು ಕೈಗೆತ್ತಿಕೊಂಡ ಕೆಲಸ ಇದು. ಇಳಿಸುವುದು ತಾಳ್ಮೆಯ ಕೆಲಸ, ಅಷ್ಟೇ. ಯೋಚನೆ ಬೇಕಾಗುವುದು ಯಾವುದನ್ನು ಯಾವ ಫಾರ್ಮ್ಯಾಟ್‌ನಲ್ಲಿ ಇಡಬೇಕು ಅನ್ನುವುದಕ್ಕೆ.

ನಾನು ಹಿಡಿದ ದಾರಿ ಒಂದೇ. ಮೂಲ ಪ್ರತಿ ಏನೂ ಕಳೆದುಕೊಳ್ಳದ ಫಾರ್ಮ್ಯಾಟ್‌ನಲ್ಲಿ ಇರಬೇಕು. ಹಂಚುವ ಪ್ರತಿಗಳೆಲ್ಲಾ ನೇರ ಅದರಿಂದಲೇ, ಒಂದೇ ಹೆಜ್ಜೆಯಲ್ಲಿ ತಯಾರಾಗಬೇಕು. ಎಂಪಿ3, ಎಂ4ಎ ಎರಡೂ ದನಿಯ ಒಂದಿಷ್ಟು ಭಾಗ ಬಿಟ್ಟು ಕುಗ್ಗಿಸುವ ಫಾರ್ಮ್ಯಾಟ್‌ಗಳು. ಎಂಪಿ3ಯಿಂದ ಎಂ4ಎ, ಅದರಿಂದ ಮತ್ತೆ ಎಂಪಿ3 ಅಂತ ಸುತ್ತಿದರೆ ಪ್ರತಿ ಸುತ್ತಿಗೂ ಒಂದಿಷ್ಟು ದನಿ ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ.

ಮೊದಲು ಡೆಕ್ ರಿಪೇರಿ

ಹಳೆ ಕ್ಯಾಸೆಟ್ ಡೆಕ್ ಒಂದನ್ನು ಸೆಕೆಂಡ್ ಹ್ಯಾಂಡ್ ತಂದೆ. ಮೋಟಾರ್ ತಿರುಗುತ್ತಿತ್ತು, ಕ್ಯಾಸೆಟ್ ತಿರುಗುತ್ತಿರಲಿಲ್ಲ. ಬಿಚ್ಚಿ ನೋಡಿದರೆ ರಬ್ಬರ್ ಬೆಲ್ಟ್ ಕರಗಿ ಡಾಂಬರಿನಂತೆ ಪುಲ್ಲಿಗೆ ಅಂಟಿತ್ತು. ಹಳೆ ಡೆಕ್‌ಗಳಲ್ಲಿ ಇದು ಮಾಮೂಲು. ಅಂಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಪೂರ್ತಿ ಒರೆಸಿ ತೆಗೆದೆ. ಸ್ವಲ್ಪ ಉಳಿದರೂ ಹೊಸ ಬೆಲ್ಟ್ ಜಾರುತ್ತದೆ, ವೇಗ ಅಲ್ಲಾಡುತ್ತದೆ. ಹೆಡ್ (ಟೇಪನ್ನು ಓದುವ ಭಾಗ), ಕ್ಯಾಪ್‌ಸ್ಟನ್ (ಟೇಪನ್ನು ಎಳೆಯುವ ಸಣ್ಣ ಕಂಬಿ) ಎರಡನ್ನೂ ಅದೇ ಆಲ್ಕೋಹಾಲಿನಲ್ಲಿ ಒದ್ದೆ ಮಾಡಿದ ಇಯರ್‌ಬಡ್‌ನಿಂದ ಒರೆಸಿದೆ. ಕಂದು ಬಣ್ಣ ಬರುವುದು ನಿಲ್ಲುವವರೆಗೂ ಒರೆಸಬೇಕು.

ಯುಎಸ್‌ಬಿಗೆ ಚುಚ್ಚುವ ಅಗ್ಗದ ಕ್ಯಾಸೆಟ್ ಪ್ಲೇಯರ್‌ಗಳು ಸಿಗುತ್ತವೆ. ಈ ಕೆಲಸಕ್ಕೆ ಅವು ಬೇಡ. ಮೋಟಾರ್ ಹಗುರ, ವೇಗ ಸ್ಥಿರವಾಗಿ ನಿಲ್ಲುವುದಿಲ್ಲ. ಶ್ರುತಿ ಹಿಡಿದು ನಿಂತ ಭಾಗವತರ ದನಿ ನಡುಗಿದಂತೆ ಕೇಳುತ್ತದೆ.

ನಮ್ಮ ಕಡೆ ಮಳೆಗಾಲ ಗೊತ್ತಲ್ವಾ? ಕೆಲವು ಕ್ಯಾಸೆಟ್‌ಗಳ ಕಿಟಕಿಯಲ್ಲೇ ಬಿಳಿ ಬೂಷ್ಟು ಕಾಣುತ್ತಿತ್ತು. ಅಂಥದ್ದನ್ನು ಹಾಗೇ ಡೆಕ್‌ಗೆ ಹಾಕಬಾರದು. ಹೆಡ್‌ಗೆ ಹತ್ತಿ, ಅಲ್ಲಿಂದ ಮುಂದಿನ ಕ್ಯಾಸೆಟ್‌ಗೂ ಹರಡುತ್ತದೆ. ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚಿ, ಟೇಪಿನ ಸುರುಳಿಯನ್ನು ಒಣ ಬಟ್ಟೆಯಲ್ಲಿ ಮೆತ್ತಗೆ ಒರೆಸಿ, ಬೇರೆ ಶುದ್ಧ ಕ್ಯಾಸೆಟ್ಟಿನ ಚಿಪ್ಪಿಗೆ ಕೂರಿಸಿದೆ. ಈ ಕೆಲಸವನ್ನು ಹೊರಗೆ ಜಗಲಿಯಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮಾಡಿ. ಒಳಗಿನ ಸ್ಪಂಜಿನ ಪ್ಯಾಡ್ ಉದುರಿದ್ದರೆ ಟೇಪು ಹೆಡ್‌ಗೆ ಒತ್ತಿ ನಿಲ್ಲುವುದಿಲ್ಲ, ದನಿ ಮಂಕಾಗುತ್ತದೆ. ಚಿಪ್ಪು ಬದಲಿಸಿದರೆ ಅದೂ ಸರಿಯಾಗುತ್ತದೆ.

ಒಂದು ಸಣ್ಣ ಸ್ಕ್ರೂ

ಎಲ್ಲಕ್ಕಿಂತ ದೊಡ್ಡ ಲಾಭ ಕೊಟ್ಟದ್ದು ಹೆಡ್‌ನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಒಂದು ಸಣ್ಣ ಸ್ಕ್ರೂ. ಹೆಡ್ ಟೇಪಿಗೆ ಎಷ್ಟು ನೇರ ನಿಂತಿದೆ ಅನ್ನುವುದನ್ನು ಅದು ತೀರ್ಮಾನಿಸುತ್ತದೆ. ಅಜಿಮತ್ ಅನ್ನುತ್ತಾರೆ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಸ್ವಲ್ಪ ಓರೆ ಇದ್ದರೆ, ನುಡಿಸುವ ಹೆಡ್ಡೂ ಅಷ್ಟೇ ಓರೆ ಆಗಬೇಕು. ಇಲ್ಲದಿದ್ದರೆ ಮೇಲಿನ ದನಿಗಳೆಲ್ಲಾ ಹೋಗುತ್ತವೆ.

ಮಾವನದು ಮೋನೋ ಯಂತ್ರ. ಅದು ಟೇಪಿನ ಅರ್ಧ ಅಗಲವನ್ನು ಪೂರ್ತಿ ಒಂದೇ ದನಿಯಿಂದ ತುಂಬಿಸಿದೆ. ನನ್ನ ಡೆಕ್ ಸ್ಟೀರಿಯೋ, ಅದೇ ಜಾಗವನ್ನು ಎಡ-ಬಲ ಅಂತ ಎರಡಾಗಿ ಓದುತ್ತದೆ. ಹೆಡ್ ಓರೆಯಾಗಿದ್ದರೆ ಎಡ ಮುಂದೆ, ಬಲ ಒಂದು ಎಳೆ ಹಿಂದೆ. ಎರಡನ್ನೂ ಸೇರಿಸಿ ಮೋನೋ ಮಾಡಿದಾಗ ಮೇಲಿನ ದನಿಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಇದನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಹೆಡ್‌ಫೋನ್ ಹಾಕಿ, ದನಿಯನ್ನು ಮೋನೋದಲ್ಲಿ ಕೇಳುತ್ತಾ, ಚಕ್ರತಾಳ ಬರುವ ಜಾಗದಲ್ಲಿ ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಬೇಕು. ಒಂದು ಹಂತದಲ್ಲಿ ತಾಳ ಮಿಂಚಿದ ಹಾಗೆ ಎದ್ದು ಬರುತ್ತದೆ. ಅದನ್ನು ದಾಟಿದರೆ ಮತ್ತೆ ಮಂಕು. ಮಿಂಚಿದಲ್ಲಿ ನಿಲ್ಲಿಸಿ. ಸರಿಯಾಗಿ ನಿಂತ ಮೇಲೆ ಎಡ-ಬಲ ಸೇರಿಸಿದರೆ ಟೇಪಿನ 'ಹಿಸ್' ಸದ್ದು ಕೂಡ ಸುಮಾರು 3 ಡೆಸಿಬಲ್ ತಗ್ಗುತ್ತದೆ. ಆ ಸದ್ದು ಎರಡು ಬದಿಯಲ್ಲೂ ಬೇರೆ ಬೇರೆ, ಭಾಗವತರ ಹಾಡು ಮಾತ್ರ ಒಂದೇ ಅಲ್ವಾ?

ಬೇರೆಯವರ ಯಂತ್ರದಲ್ಲಿ ರೆಕಾರ್ಡ್ ಆದ ಕ್ಯಾಸೆಟ್ ಬಂದಾಗ ಇದನ್ನು ಮತ್ತೆ ಮಾಡಲೇಬೇಕು. ಈ ಹೆಜ್ಜೆ ಬಿಟ್ಟು ಆಮೇಲೆ ಯಾವ ದುಬಾರಿ ಫಾರ್ಮ್ಯಾಟ್‌ನಲ್ಲಿ ಇಟ್ಟರೂ ಪ್ರಯೋಜನ ಕಡಿಮೆ.

ಇಳಿಸಿದ್ದು ಹೇಗೆ

ಡೆಕ್‌ನ ಹಿಂದಿನ ಕೆಂಪು-ಬಿಳಿ ಪಿನ್‌ನಿಂದ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್‌ಗೆ, ಅಲ್ಲಿಂದ ಲ್ಯಾಪ್‌ಟಾಪ್‌ಗೆ. ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ನೇರ ಹಾಕಬೇಡಿ, ಅದು ಮೈಕಿನ ಸಣ್ಣ ಸಿಗ್ನಲ್‌ಗೆ ಮಾಡಿದ್ದು. ಚಾರ್ಜರ್ ಹಾಕಿದಾಗ 'ಗುಂಯ್' ಅಂತ ಬಂದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲೇ ಇಳಿಸಿ.

ಸಾಫ್ಟ್‌ವೇರ್ ಆಡಾಸಿಟಿ. ಉಚಿತ, ಸಾಕು. 48 ಕಿಲೋಹರ್ಟ್ಜ್ (ಸೆಕೆಂಡಿಗೆ 48,000 ಸಲ ದನಿಯ ಅಳತೆ), 24 ಬಿಟ್ (ಪ್ರತಿ ಅಳತೆಯ ಸೂಕ್ಷ್ಮತೆ), ಸ್ಟೀರಿಯೋ ಇಟ್ಟೆ. ಮನೆಯ ಟೇಪಿಗೆ ಇದು ಜಾಸ್ತಿ ಅಲ್ವಾ ಅಂತ ಕೇಳಬಹುದು. 48 ಕಿಲೋಹರ್ಟ್ಜ್‌ನಲ್ಲಿ 24 ಕಿಲೋಹರ್ಟ್ಜ್‌ವರೆಗಿನ ದನಿ ಹಿಡಿಯುತ್ತದೆ. ಇಂಥ ಕ್ಯಾಸೆಟ್ಟಿನಲ್ಲಿ ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ ಬಹುತೇಕ ಏನೂ ಉಳಿದಿರುವುದಿಲ್ಲ. 24 ಬಿಟ್ ಬೇಕಾದದ್ದು ಬೇರೆ ಕಾರಣಕ್ಕೆ. ಅರ್ಥ ಹೇಳುವಾಗ ದನಿ ತಗ್ಗಿರುತ್ತದೆ, ಪದ ಏರಿ ಚೆಂಡೆ ಬಿದ್ದಾಗ ಮುಳ್ಳು ಎದ್ದು ಕೂರುತ್ತದೆ. 24 ಬಿಟ್ ಇದ್ದರೆ ಲೆವೆಲ್ ತಗ್ಗಿಸಿ, ಅತಿ ಜೋರಿನ ಪೆಟ್ಟು ಕೂಡ ಮೈನಸ್ 8 ಡೆಸಿಬಲ್ ದಾಟದ ಹಾಗೆ ನಿಶ್ಚಿಂತೆಯಿಂದ ಇಡಬಹುದು. ಲೆವೆಲ್ ಮಿತಿ ದಾಟಿ ತುಂಡಾದ ಚೆಂಡೆ ಪೆಟ್ಟನ್ನು ಆಮೇಲೆ ಯಾವ ಉಪಾಯದಿಂದಲೂ ಪೂರ್ತಿ ಸರಿ ಮಾಡಲಾಗುವುದಿಲ್ಲ.

ಈ ಲೆಕ್ಕದಲ್ಲಿ ಕಚ್ಚಾ ದನಿ ನಿಮಿಷಕ್ಕೆ 17 ಎಂಬಿ, ಒಂದು ಸಿ-90ಗೆ ಒಂದೂವರೆ ಜಿಬಿ. ಇದನ್ನು ಏನೂ ಕುಗ್ಗಿಸದ ವೇವ್ ಫೈಲು ಆಗಿ ಇಡಬಹುದು, ಫ್ಲ್ಯಾಕ್ ಆಗಿಯೂ ಇಡಬಹುದು. ನಾನು ಫ್ಲ್ಯಾಕ್ ಆರಿಸಿಕೊಂಡೆ. ಒಂದು ಬಿಟ್ಟೂ ಕಳೆಯದೆ ಕುಗ್ಗಿಸುತ್ತದೆ, ಮತ್ತೆ ಬಿಚ್ಚಿದರೆ ಅದೇ ವೇವ್. 2001ರಲ್ಲಿ ಇದರ ಮೊದಲ ಪೂರ್ಣ ಆವೃತ್ತಿ ಬಂತು. ಎಲ್ಲರಿಗೂ ಮುಕ್ತ, 2024ರಲ್ಲಿ ಅಂತರರಾಷ್ಟ್ರೀಯ ಇಂಟರ್ನೆಟ್ ಮಾನದಂಡವಾಗಿಯೂ ಪ್ರಕಟವಾಯಿತು. ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಎರಡು ಗುಣ. ಫೈಲಿನೊಳಗೇ ಮೂಲ ದನಿಯ ಗುರುತು-ಸಂಖ್ಯೆ ಇರುತ್ತದೆ. ಐದು ವರ್ಷ ಬಿಟ್ಟು ಹಾರ್ಡ್‌ಡಿಸ್ಕ್ ತೆರೆದಾಗಲೂ ಫೈಲು ಕೆಟ್ಟಿದೆಯಾ ಇಲ್ಲವಾ ಅಂತ ಪರೀಕ್ಷೆ ಮಾಡಿಸಬಹುದು. ವೇವ್‌ನಲ್ಲಿ ಆ ಸೌಕರ್ಯ ಇಲ್ಲ. ಮತ್ತೆ, ಪ್ರಸಂಗ, ಭಾಗವತರು, ಅರ್ಥಧಾರಿಗಳು, ಊರು, ವರ್ಷ ಎಲ್ಲವನ್ನೂ ಕನ್ನಡದಲ್ಲೇ ಟ್ಯಾಗ್ ಆಗಿ ಬರೆದಿಡಬಹುದು. ಯಾರು ವಾಲಿ, ಯಾರು ರಾಮ ಅನ್ನುವುದು ಈಗ ಅತ್ತೆಗೆ ಮಾತ್ರ ನೆನಪಿದೆ. ಅದು ಕಾಗದದ ಚೀಟಿಯಲ್ಲಿ ಅಲ್ಲ, ದನಿಯ ಜೊತೆಗೇ ಇರಬೇಕು.

ಫ್ಲ್ಯಾಕ್‌ನಲ್ಲಿ 0ಯಿಂದ 8ರವರೆಗೆ ಹಂತ ಇದೆ. 8 ಇಟ್ಟರೆ ಗುಣಮಟ್ಟ ಜಾಸ್ತಿ ಅಂತ ಕೆಲವರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಎಲ್ಲಾ ಹಂತದಲ್ಲೂ ದನಿ ಒಂದೇ, ಸೈಜು ಸ್ವಲ್ಪ ಬದಲು, ಅಷ್ಟೇ. ಇನ್ನೊಂದು ಸಂಗತಿ: ಸಿ.ಡಿ. ಹಾಡುಗಳು ಅರ್ಧಕ್ಕರ್ಧ ಕುಗ್ಗುತ್ತವೆ ಅಂತ ಕೇಳಿ ಇಲ್ಲೂ ಅಷ್ಟೇ ನಿರೀಕ್ಷಿಸಬೇಡಿ. 24 ಬಿಟ್‌ನ ಕೊನೆಯ ಬಿಟ್‌ಗಳಲ್ಲಿ ಇರುವುದು ಬರೀ ಟೇಪಿನ ಹಿಸ್. ಅದರಲ್ಲಿ ಯಾವ ಕ್ರಮವೂ ಇಲ್ಲ. ಕ್ರಮ ಇಲ್ಲದ್ದನ್ನು ಯಾರೂ ಕುಗ್ಗಿಸಲಾರರು. ನನ್ನ ಫೈಲುಗಳು ಕ್ಯಾಸೆಟ್ಟಿಗೆ ಒಂದು ಜಿಬಿ ಆಸುಪಾಸಿನಲ್ಲಿ ನಿಂತವು.

ಏರಿದ ಶ್ರುತಿಯನ್ನು ಇಳಿಸಿದ್ದು

ಒಂದು ಕ್ಯಾಸೆಟ್ಟಿನಲ್ಲಿ ಭಾಗವತರು ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಯಲ್ಲಿ ಶುರು ಮಾಡಿ, ಬೆಳಗಿನ ಹೊತ್ತಿಗೆ ಮುಂದಿನ ಮನೆ ಬಿಳಿ ಎರಡಕ್ಕೆ ಏರಿದ್ದರು. ಜೊತೆಗೆ ಅರ್ಥಧಾರಿಗಳ ಮಾತೂ ಚುರುಕಾಗಿತ್ತು. ಕಾರಣ ಶೆಲ್, ಅಂದರೆ ಯಂತ್ರದ ಬ್ಯಾಟರಿ. ರೆಕಾರ್ಡ್ ಮಾಡುವಾಗ ಶೆಲ್ ಮುಗಿಯುತ್ತಾ ಬಂದು ಯಂತ್ರ ನಿಧಾನವಾಗಿದೆ. ಸರಿಯಾದ ವೇಗದ ಡೆಕ್‌ನಲ್ಲಿ ನುಡಿಸಿದಾಗ ಅದು ಓಡುತ್ತದೆ.

ಎಷ್ಟು ಓಡಿದೆ ಅಂತ ಅಳೆಯಲು ಒಂದು ಒಳ್ಳೆಯ ಗುರುತು ಟೇಪಿನಲ್ಲೇ ಸಿಕ್ಕಿತು. ಮೈಕ್ ಸೆಟ್ಟಿನ ಆಂಪ್ಲಿಫೈಯರ್‌ನ ಗುಂಯ್‌ಗುಡುವಿಕೆ. ನಮ್ಮ ಕರೆಂಟು 50 ಹರ್ಟ್ಜ್, ಆಂಪ್ಲಿಫೈಯರ್‌ನ ಡಯೋಡ್ ದಾಟಿ ಬಂದಾಗ ಅದು 100 ಹರ್ಟ್ಜ್ ಗುಂಯ್ ಆಗುತ್ತದೆ. ಯಾರೂ ಮಾತಾಡದ ಒಂದು ತುಣುಕು ಆರಿಸಿ ಆಡಾಸಿಟಿಯಲ್ಲಿ ಸ್ಪೆಕ್ಟ್ರಮ್ (ಯಾವ ಹರ್ಟ್ಜ್‌ನ ದನಿ ಎಷ್ಟಿದೆ ಅಂತ ತೋರಿಸುವ ಚಿತ್ರ) ನೋಡಿದೆ. ಶುರುವಿನಲ್ಲಿ 100ರ ಹತ್ತಿರ ಇದ್ದ ಮೊನೆ, ಕೊನೆಯಲ್ಲಿ 106ಕ್ಕೆ ಬಂದಿತ್ತು. ಹಾರ್ಮೋನಿಯಂನ ಒಂದು ಮನೆಯಿಂದ ಮುಂದಿನ ಮನೆಗೆ ಇರುವ ದೂರ ಕೂಡ ಸುಮಾರು 6 ಪರ್ಸೆಂಟೇ. ಕಪ್ಪು ಒಂದರಿಂದ ಬಿಳಿ ಎರಡು, ಸರಿಯಾಗಿ ತಾಳೆ ಆಯಿತು. ಆ ಕಾಲದಲ್ಲಿ ಕರೆಂಟಿನ ಫ್ರೀಕ್ವೆನ್ಸಿಯೂ ಗಟ್ಟಿಯಾಗಿ 50ರಲ್ಲೇ ನಿಲ್ಲುತ್ತಿರಲಿಲ್ಲ. ಹಾಗಾಗಿ ಗುಂಯ್ ಒಂದನ್ನೇ ನಂಬಬೇಡಿ, ಶ್ರುತಿಪೆಟ್ಟಿಗೆಯ ದನಿಯನ್ನೂ ಜೊತೆಗಿಟ್ಟು ನೋಡಿ.

ಆಡಾಸಿಟಿಯಲ್ಲಿ ಟೈಮ್ ಟ್ರ್ಯಾಕ್ ಹಾಕಿ, ವೇಗವನ್ನು ಶುರುವಿನಲ್ಲಿ 100, ಕೊನೆಯಲ್ಲಿ 94.3 ಪರ್ಸೆಂಟ್ ಆಗುವ ಹಾಗೆ ಇಳಿಜಾರು ಎಳೆದೆ. ಶ್ರುತಿ, ಮಾತಿನ ವೇಗ ಎರಡೂ ಒಟ್ಟಿಗೆ ದಾರಿಗೆ ಬಂದವು. ಬರೀ ಶ್ರುತಿ ಇಳಿಸುವ ಎಫೆಕ್ಟ್ ಬಳಸಬಾರದು, ಅದು ವೇಗವನ್ನು ಹಾಗೇ ಬಿಡುತ್ತದೆ.

ಹಿಸ್ ತೆಗೆಯುವ ಎಫೆಕ್ಟ್ ಹಾಕಿ ನೋಡಿದೆ. ಹಿಸ್ ಹೋಯಿತು, ಚಕ್ರತಾಳದ ಬಾಲವೂ ಹೋಯಿತು. ನಾನು ಅದನ್ನು ಬಿಟ್ಟುಬಿಟ್ಟೆ. ಹಿಸ್ ಇರುವ ತಾಳಮದ್ದಳೆಗೆ ಕಿವಿ ಐದು ನಿಮಿಷದಲ್ಲಿ ಒಗ್ಗುತ್ತದೆ.

ತಿದ್ದಿದ ಪ್ರತಿಯನ್ನು ಮೋನೋ, 16 ಬಿಟ್, 48 ಕಿಲೋಹರ್ಟ್ಜ್ ಫ್ಲ್ಯಾಕ್ ಆಗಿ ಇಟ್ಟೆ. ತಿದ್ದುವುದು ಮುಗಿದ ಮೇಲೆ 24 ಬಿಟ್‌ನ ಕೆಲಸ ಇಲ್ಲ. ಟೇಪಿನ ಹಿಸ್ ಇರುವುದು 16 ಬಿಟ್‌ನ ತಳಕ್ಕಿಂತ ಬಹಳ ಮೇಲೆ. ಕಚ್ಚಾ 24 ಬಿಟ್ ಪ್ರತಿ ಮಾತ್ರ ಮುಟ್ಟದೆ ಹಾಗೇ ಇದೆ. ನಾಳೆ ಇನ್ನೊಬ್ಬರು ನನಗಿಂತ ಚೆನ್ನಾಗಿ ತಿದ್ದಬಹುದು.

ಚೆಂಡೆ ಮತ್ತು ಎಂಪಿ3

ಈಗ ಹಂಚುವ ಪ್ರತಿ. ಎಂಪಿ3 ದನಿಯನ್ನು ತುಂಡು ತುಂಡಾಗಿ ನೋಡುತ್ತದೆ. ಒಂದು ಫ್ರೇಮಿಗೆ, ಅಂದರೆ ಒಂದು ತುಂಡಿಗೆ, 1152 ಸ್ಯಾಂಪಲ್ (ದನಿಯ ಅಳತೆ), 48 ಕಿಲೋಹರ್ಟ್ಜ್‌ನಲ್ಲಿ ಅಂದರೆ 24 ಮಿಲಿಸೆಕೆಂಡ್. ಕಿವಿಗೆ ಬೇಡ ಅನ್ನಿಸಿದ್ದನ್ನು ಒರಟಾಗಿ ಬರೆಯುತ್ತದೆ, ಆ ಒರಟುತನ ತುಂಡಿನ ಉದ್ದಕ್ಕೂ ಹರಡುತ್ತದೆ. ಎಳೆದು ಹಾಡುವ ಪದಕ್ಕೆ ಇದರಿಂದ ತೊಂದರೆ ಇಲ್ಲ. ಚೆಂಡೆ ಹಾಗಲ್ಲ. ಮೌನದಿಂದ ಒಮ್ಮೆಲೇ ಪೆಟ್ಟು. ತುಂಡಿನ ನಡುವೆ ಪೆಟ್ಟು ಬಿದ್ದರೆ, ಒರಟುತನ ಪೆಟ್ಟಿಗಿಂತ ಮೊದಲೇ 'ಚಸ್' ಅಂತ ಕೇಳಿಬಿಡುತ್ತದೆ. ಎನ್‌ಕೋಡರ್ (ಎಂಪಿ3 ತಯಾರಿಸುವ ಸಾಫ್ಟ್‌ವೇರ್) ಇಂಥ ಕಡೆ ತುಂಡನ್ನು ಸಣ್ಣದು ಮಾಡಿಕೊಳ್ಳುತ್ತದೆ ನಿಜ, ಆದರೆ ಅದಕ್ಕೆ ಜಾಸ್ತಿ ಬಿಟ್ ಬೇಕು. ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಬಿಟ್ ಅನ್ನುವ ಲೆಕ್ಕ, ಕೆಬಿಪಿಎಸ್‌ನಲ್ಲಿ ಹೇಳುತ್ತಾರೆ) ತಗ್ಗಿಸಿದರೆ ಅದೂ ಕೈಕೊಡುತ್ತದೆ.

ಒಂದೇ ತುಣುಕನ್ನು 48, 64, 96, 128 ಕೆಬಿಪಿಎಸ್ ಮೋನೋ ಎಂಪಿ3 ಮಾಡಿ, ಹೆಸರು ತೆಗೆದು ಬರೀ ಅಕ್ಷರ ಹಾಕಿ, ಊರಿನ ಹಿರಿಯ ಚೆಂಡೆಯವರೊಬ್ಬರಿಗೆ ಹೆಡ್‌ಫೋನ್‌ನಲ್ಲಿ ಕೇಳಿಸಿದೆ. 48, 64 ಎರಡನ್ನೂ ತಕ್ಷಣ ಹಿಡಿದರು. "ಅರ್ಥ ಚೆನ್ನಾಗಿಯೇ ಉಂಟು, ಪೆಟ್ಟಿನ ಮೊನೆ ಇಲ್ಲ" ಅಂದರು. 96ರಲ್ಲಿ ಚಕ್ರತಾಳದ ಬಗ್ಗೆ ಮಾತ್ರ ಅನುಮಾನ. 128ಕ್ಕೂ ಮೂಲಕ್ಕೂ ವ್ಯತ್ಯಾಸ ಹೇಳಲಿಲ್ಲ. ಬರೀ ಭಾಷಣ ಆಗಿದ್ದರೆ 48 ಸಾಕಿತ್ತು. ಅದೇ ಬಿಟ್‌ರೇಟನ್ನು ತಾಳಮದ್ದಳೆಗೆ ಹಾಕಬಾರದು ಅನ್ನುವುದು ಅಲ್ಲಿಗೆ ಖಚಿತವಾಯಿತು. ಮೋನೋ ಅನ್ನುವುದನ್ನು ಮರೆಯಬೇಡಿ. 128 ಪೂರ್ತಿ ಒಂದೇ ಚಾನೆಲ್‌ಗೆ ಸಿಗುತ್ತದೆ. ಮೋನೋ ದನಿಗೆ ಸ್ಟೀರಿಯೋ 320 ಹಾಕುವುದು ಸುಮ್ನೆ ಜಾಗ ದಂಡ.

ಅತ್ತೆಯ ಡಬ್ಬಿ, ತಮ್ಮನ ಕಾರು, ಎರಡಕ್ಕೂ ಎಂಪಿ3, 128 ಕೆಬಿಪಿಎಸ್, ಸ್ಥಿರ ಬಿಟ್‌ರೇಟ್. ಬದಲಾಗುವ ಬಿಟ್‌ರೇಟ್ ಅದೇ ಜಾಗದಲ್ಲಿ ಚೆನ್ನಾಗಿ ಕೇಳುತ್ತದೆ, ಒಪ್ಪುತ್ತೇನೆ. ಆದರೆ ಸಣ್ಣ ಡಬ್ಬಿಗಳು ಅಂಥ ಫೈಲಿನ ಸಮಯವನ್ನು ತಪ್ಪು ತೋರಿಸುತ್ತವೆ, ಮುಂದೆ ಓಡಿಸಿದರೆ ಎಲ್ಲೋ ಹೋಗಿ ಬೀಳುತ್ತವೆ. 45 ನಿಮಿಷದ ಫೈಲಿನಲ್ಲಿ ನಿನ್ನೆ ಬಿಟ್ಟ ಜಾಗ ಹುಡುಕುವವರಿಗೆ ಅದು ದೊಡ್ಡ ಕಷ್ಟ. ಎಂಪಿ3ಯ ಪೇಟೆಂಟ್‌ಗಳ ಗೋಜು 2017ಕ್ಕೆ ಮುಗಿದಿದೆ, ಆಡಾಸಿಟಿಯಲ್ಲೇ ನೇರ ಎಕ್ಸ್‌ಪೋರ್ಟ್ ಮಾಡಬಹುದು.

ಫೋನಿಗೆ ಬೇರೆ ದಾರಿ. ಕಡಿಮೆ ಬಿಟ್‌ರೇಟ್‌ನಲ್ಲಿ ಇವತ್ತು ಓಪಸ್‌ಗೆ ಸಾಟಿ ಇಲ್ಲ. 2012ರಲ್ಲಿ ಮಾನದಂಡವಾಗಿ ಬಂದದ್ದು, ವಾಟ್ಸಾಪ್‌ನ ವಾಯ್ಸ್ ಮೆಸೇಜ್ ಕೂಡ ಇದೇ. 48 ಕೆಬಿಪಿಎಸ್ ಮೋನೋ ಓಪಸ್‌ನಲ್ಲಿ ಚೆಂಡೆಯ ಮೊನೆ ಉಳಿಯುತ್ತದೆ, ಒಂದು ಸಿ-90 ಬರೀ 32 ಎಂಬಿ. ಆಂಡ್ರಾಯ್ಡ್ ಇರುವವರಿಗೆ ಇದನ್ನೇ ಕೊಟ್ಟೆ. ಐಫೋನ್ ಇರುವವರಿಗೆ ಎಂ4ಎ, ಅಂದರೆ ಒಳಗೆ ಎಎಸಿ, 64 ಕೆಬಿಪಿಎಸ್ ಮೋನೋ. 43 ಎಂಬಿ ಆಗುತ್ತದೆ, ಹಳೆಯ ಐಫೋನಿನಲ್ಲೂ ಒತ್ತಿದ ಕೂಡಲೇ ತೆರೆಯುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಅಂತ ಕಳಿಸಿ, ಫೈಲಿನ ಹೆಸರು ಉಳಿಯುತ್ತದೆ.

ಒಂದೊಂದೇ ಫೈಲು ತೆರೆದು ಮಾಡುತ್ತಾ ಕೂರಬೇಕಾಗಿಲ್ಲ. ತಿದ್ದಿದ ಫ್ಲ್ಯಾಕ್‌ಗಳನ್ನೆಲ್ಲಾ ಫೂಬಾರ್2000 ಅನ್ನುವ ಸಾಫ್ಟ್‌ವೇರ್‌ಗೆ ಎಳೆದು ಹಾಕಿ, ಎಲ್ಲಾ ಆರಿಸಿ, ಕನ್ವರ್ಟ್ ಒತ್ತಿದರೆ ಟ್ಯಾಗ್ ಸಮೇತ ಮೂರೂ ಬಗೆಯ ಪ್ರತಿ ರಾತ್ರಿ ಕಳೆಯುವುದರೊಳಗೆ ತಯಾರು.

ಹೊರಗಿನಿಂದ ಬಂದ ಫೈಲುಗಳು

ಸುದ್ದಿ ಹರಡಿದ ಮೇಲೆ ನೆಂಟರು ತಮ್ಮಲ್ಲಿದ್ದದ್ದನ್ನೂ ಕಳಿಸತೊಡಗಿದರು. ಭಾವ ಕಳಿಸಿದ ಒಂದು ಫೈಲು 320 ಕೆಬಿಪಿಎಸ್ ಎಂಪಿ3. ಕೇಳಿದರೆ ಅರ್ಥ ಸ್ಪಷ್ಟ, ಚೆಂಡೆ ಮಾತ್ರ ಮುದ್ದೆ. ಸ್ಪೆಕ್ಟ್ರೋಗ್ರಾಮ್ ತೆರೆದೆ. 4 ಕಿಲೋಹರ್ಟ್ಜ್ ಮೇಲೆ ಪೂರ್ತಿ ಖಾಲಿ. ವಿಚಾರಿಸಿದಾಗ ತಿಳಿಯಿತು, ಹಳೆ ಕೀಪ್ಯಾಡ್ ಫೋನಿನಲ್ಲಿ ರೆಕಾರ್ಡ್ ಮಾಡಿದ್ದು. ಅದರ ಎಎಂಆರ್ ಫಾರ್ಮ್ಯಾಟ್ ಸೆಕೆಂಡಿಗೆ 8000 ಸ್ಯಾಂಪಲ್ ಮಾತ್ರ ತೆಗೆದುಕೊಳ್ಳುತ್ತದೆ, ಹೆಚ್ಚೆಂದರೆ 12.2 ಕೆಬಿಪಿಎಸ್. ಮನುಷ್ಯನ ಗಂಟಲು ದನಿ ಹೊರಡಿಸುವ ರೀತಿಯನ್ನೇ ಮಾದರಿ ಇಟ್ಟುಕೊಂಡು ಮಾಡಿದ ಫಾರ್ಮ್ಯಾಟ್ ಅದು. ಮಾತು ಅದಕ್ಕೆ ಅರ್ಥವಾಗುತ್ತದೆ, ಚರ್ಮವಾದ್ಯ ಅರ್ಥವಾಗುವುದಿಲ್ಲ. ಯಾರೋ ಅದನ್ನು 320 ಮಾಡಿಕೊಟ್ಟಿದ್ದಾರೆ. ಫೈಲು ದೊಡ್ಡದಾಯಿತು, ಹೋದ ಚೆಂಡೆ ಬರಲಿಲ್ಲ. ಮೂಲ ಎಎಂಆರ್ ಫೈಲನ್ನೇ ತರಿಸಿ, ಅದನ್ನೇ ಮೂಲ ಅಂತ ಇಟ್ಟುಕೊಂಡೆ. ಚಿಕ್ಕದಾದರೂ ನಿಜವಾದ ಮೂಲ ಅದೇ.

ವಿಡಿಯೋದಿಂದ ದನಿ ಬೇಕು ಅನ್ನುವವರಿಗೂ ಇದೇ ಮಾತು. ಫೋನಿನ ಎಂಪಿ4 ವಿಡಿಯೋ ಒಳಗೆ ಸಾಮಾನ್ಯವಾಗಿ ಎಎಸಿ ದನಿ ಇರುತ್ತದೆ. ಅದನ್ನು ಎಂಪಿ3ಗೆ ಬದಲಿಸುವ ಬದಲು, ಎಫ್‌ಎಫ್‌ಎಂಪೆಗ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕಾಪಿ ಆಯ್ಕೆ ಕೊಟ್ಟು ಹಾಗೇ ಎಂ4ಎ ಡಬ್ಬಿಗೆ ಎತ್ತಿ ಇಡಿ. ಕೆಲವೇ ಸೆಕೆಂಡಿನ ಕೆಲಸ, ಏನೂ ಕಳೆಯುವುದಿಲ್ಲ. ಫೈಲಿನ ಹೆಸರಿನ ಕೊನೆಯ ಅಕ್ಷರ ಬದಲಿಸಿದರೆ ಫಾರ್ಮ್ಯಾಟ್ ಬದಲಾಗುವುದಿಲ್ಲ. ಒಳಗೆ ನಿಜವಾಗಿ ಏನಿದೆ ಅಂತ ಮೀಡಿಯಾಇನ್ಫೋ ಅನ್ನುವ ಸಾಫ್ಟ್‌ವೇರ್ ತೋರಿಸುತ್ತದೆ.

ಅತ್ತೆಯ ಪೆನ್‌ಡ್ರೈವ್

32 ಜಿಬಿಯದ್ದು ತೆಗೆದುಕೊಂಡು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿದೆ. ಬೇರೆ ಬಗೆಯಲ್ಲಿ ಮಾಡಿದ ಪೆನ್‌ಡ್ರೈವ್ ಇಂಥ ಡಬ್ಬಿಗಳಿಗೆ ಬಹಳ ಸಲ ಕಾಣುವುದೇ ಇಲ್ಲ. ಒಂದು ಕ್ಯಾಸೆಟ್ 86 ಎಂಬಿ, ಅಂದರೆ 300ಕ್ಕಿಂತ ಹೆಚ್ಚು ಕ್ಯಾಸೆಟ್ ಹಿಡಿಸುತ್ತದೆ. ಡಬ್ಬಿಯಲ್ಲಿ ಕನ್ನಡ ಹೆಸರು ಚೌಕ ಚೌಕವಾಗಿ ಕಾಣುವುದರಿಂದ ಫೈಲಿಗೆ ಬರೀ ನಂಬರ್ ಕೊಟ್ಟೆ, ನಂಬರಿನ ಎದುರು ಪ್ರಸಂಗ ಮತ್ತು ಅರ್ಥಧಾರಿಗಳ ಹೆಸರು ಬರೆದ ಒಂದು ನೋಟ್‌ಬುಕ್ ಕೊಟ್ಟೆ. ಈ ಡಬ್ಬಿ ಹೆಸರಿನ ಕ್ರಮದಲ್ಲಿ ನುಡಿಸುವುದಿಲ್ಲ, ಕಾಪಿ ಆದ ಕ್ರಮದಲ್ಲಿ ನುಡಿಸುತ್ತದೆ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಎಳೆದು ಹಾಕದೆ, 001ರಿಂದ ಒಂದಾದ ಮೇಲೆ ಒಂದು ಕಾಪಿ ಮಾಡಿ. ನಡುವೆ ಹೊಸ ಕ್ಯಾಸೆಟ್ ಸೇರಿಸಬೇಕಾದರೆ ಪೆನ್‌ಡ್ರೈವ್ ಪೂರ್ತಿ ಖಾಲಿ ಮಾಡಿ ಮೊದಲಿಂದ ತುಂಬಿಸುವುದೇ ಸುಲಭ.